ಪ್ಯಾಕೇಜ್ ಹಾಕಿದ ಮೇಲೂ ಹೆಡರ್ ಸಿಗದಿದ್ದರೆ

ನಮಸ್ಕಾರ. ನೀವು ಹಾಕಿದ ಸ್ಕ್ರೀನ್‌ಶಾಟ್ ನೋಡಿದೆ. ವಿಂಡೋಸ್‌ನಲ್ಲಿ ಎಂಸಿಸ್2 (ಕಂಪೈಲರ್, ಲೈಬ್ರರಿಗಳನ್ನು ಪ್ಯಾಕೇಜ್ ಆಗಿ ಕೊಡುವ ಸಾಧನ) ಹಾಕಿಕೊಂಡು, ಅದರ ಪರಿಸರಗಳಲ್ಲಿ ಒಂದಾದ ಯುಸಿಆರ್‌ಟಿ64ರ ಕಿಟಕಿಯಲ್ಲಿ ಸಿ ಕೋಡ್ ಕಂಪೈಲ್ ಮಾಡುತ್ತಿದ್ದೀರಿ. ‘ಝಡ್‌ಲಿಬ್ ಡಾಟ್ ಎಚ್ ಇಲ್ಲ’ ಅಂತ ನಿಂತಿದೆ. ಅದು ಡೇಟಾ ಕುಗ್ಗಿಸುವ ಝಡ್‌ಲಿಬ್ ಲೈಬ್ರರಿಯ (ಸಿದ್ಧ ಕೋಡಿನ) ಹೆಡರ್, ಅಂದರೆ ಕಂಪೈಲ್ ಆಗುವಾಗ ಓದಲು ಬೇಕಾದ ಫೈಲ್. ಎಂಸಿಸ್2ನಲ್ಲಿ ಪ್ಯಾಕೇಜ್ ಹಾಕುವ ಕಮಾಂಡ್ ಆದ ಪ್ಯಾಕ್‌ಮ್ಯಾನ್‌ನಲ್ಲಿ ಝಡ್‌ಲಿಬ್ ಹಾಕಿದ ಮೇಲೂ ಅದೇ ಎರರ್, ಅಲ್ವಾ?

ನೀವು ಬರೀ ‘ಝಡ್‌ಲಿಬ್’ ಅಂತ ಹೆಸರು ಕೊಟ್ಟಿದ್ದೀರಿ. ತೊಂದರೆ ಅಲ್ಲೇ ಇದೆ. ಎಂಸಿಸ್2ನಲ್ಲಿ ಒಂದೇ ಲೈಬ್ರರಿ ಪ್ರತಿ ಪರಿಸರಕ್ಕೂ ಬೇರೆ ಬೇರೆ ಪ್ಯಾಕೇಜ್ ಆಗಿ ಬರುತ್ತದೆ. ಬರೀ ಹೆಸರಿನದು ಎಂಸಿಸ್2ನ ಸ್ವಂತ ಉಪಯೋಗಕ್ಕೆ, ಅದು ಯುಎಸ್ಆರ್ ಫೋಲ್ಡರಿಗೆ ಹೋಗುತ್ತದೆ. ನಿಮ್ಮ ಕಂಪೈಲರ್ ಜಿಸಿಸಿ ಹೆಡರ್ ಹುಡುಕುವುದು ಯುಸಿಆರ್‌ಟಿ64 ಒಳಗಿನ ಇನ್‌ಕ್ಲೂಡ್ ಫೋಲ್ಡರಿನಲ್ಲಿ. ‘ಮಿಂಗ್‌ಡಬ್ಲ್ಯೂ-ಡಬ್ಲ್ಯೂ64-ಯುಸಿಆರ್‌ಟಿ’ ಅಂತ ಶುರುವಾಗುವ ಉದ್ದ ಹೆಸರಿನ ಝಡ್‌ಲಿಬ್ ಹಾಕಿ. ಹೆಡರ್ ಅದರ ಜೊತೆಗೇ ಬರುತ್ತದೆ, ಉಬುಂಟು ಲಿನಕ್ಸ್‌ನ ಹಾಗೆ ಹೆಡರ್ ಇರುವ ‘ಡೆವ್’ ಪ್ಯಾಕೇಜ್ ಬೇರೆ ಹುಡುಕಬೇಕಿಲ್ಲ.

ಯಾವ ಹೆಡರ್ ಯಾವ ಪ್ಯಾಕೇಜಿನಲ್ಲಿದೆ ಅಂತ ಗೊತ್ತಾಗದಿದ್ದರೆ ಪ್ಯಾಕ್‌ಮ್ಯಾನನ್ನೇ ಕೇಳಬಹುದು. ಮೊದಲು ‘ಪ್ಯಾಕ್‌ಮ್ಯಾನ್’ ಮುಂದೆ ‘ಹೈಫನ್, ದೊಡ್ಡ ಎಫ್, ಸಣ್ಣ ವೈ’ ಕೊಟ್ಟು ಪಟ್ಟಿ ತರಿಸಿ. ಆಮೇಲೆ ‘ಪ್ಯಾಕ್‌ಮ್ಯಾನ್, ಹೈಫನ್, ದೊಡ್ಡ ಎಫ್’ ಮುಂದೆ ಹೆಡರ್ ಹೆಸರು ಬರೆಯಿರಿ. ನನಗೆ ಇದರಷ್ಟು ಉಪಯೋಗಕ್ಕೆ ಬಂದ ಕಮಾಂಡ್ ಇನ್ನೊಂದಿಲ್ಲ.

ದಯವಿಟ್ಟು ಯಾವುದೋ ಸೈಟಿನಿಂದ ಒಂದೇ ಒಂದು ಹೆಡರ್ ಫೈಲ್ ಇಳಿಸಿ ಫೋಲ್ಡರಿಗೆ ಹಾಕಬೇಡಿ. ಹಿಂದೆ ನಾನು ಹಾಗೆ ಮಾಡಿದ್ದೆ. ಕಂಪೈಲ್ ಆಯಿತು, ಆದರೆ ಲೈಬ್ರರಿಯ ಆವೃತ್ತಿ ಬೇರೆಯಾಗಿದ್ದರಿಂದ ಪ್ರೋಗ್ರಾಂ ನಡುವೆಯೇ ಬಿದ್ದುಹೋಗುತ್ತಿತ್ತು. ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಹೆಡರಿನಲ್ಲಿ ಇರುವುದು ಸಾಮಾನ್ಯವಾಗಿ ಫಂಕ್ಷನ್‌ಗಳ ಘೋಷಣೆ ಮಾತ್ರ. ಕೆಲಸ ಮಾಡುವ ಕೋಡ್ ಲೈಬ್ರರಿಯಲ್ಲಿರುತ್ತದೆ, ಎರಡೂ ಒಂದೇ ಕಡೆಯಿಂದ ಬರಬೇಕು.

ಇದೇ ಥ್ರೆಡ್‌ನಲ್ಲಿ ಇನ್ನೊಬ್ಬರು ವಿಷುಯಲ್ ಸ್ಟುಡಿಯೋದ ಕಂಪೈಲರ್‌ಗೆ ಸಿ ಭಾಷೆಯ ಮೂಲ ಹೆಡರ್ ಆದ ‘ಎಸ್‌ಟಿಡಿಐಒ ಡಾಟ್ ಎಚ್’ ಕೂಡ ಸಿಗುತ್ತಿಲ್ಲ ಅಂದಿದ್ದಾರೆ. ಅದು ಬೇರೆ ಕಥೆ. 2015ರ ಆವೃತ್ತಿಯಿಂದ ಆ ಹೆಡರ್ ವಿಂಡೋಸ್ ಎಸ್‌ಡಿಕೆ (ವಿಂಡೋಸ್ ಪ್ರೋಗ್ರಾಂ ಬರೆಯಲು ಬೇಕಾದ ಫೈಲುಗಳ ಕಟ್ಟು) ಜೊತೆ ಬರುತ್ತದೆ. ಇನ್‌ಸ್ಟಾಲರ್‌ನಲ್ಲಿ ಎಸ್‌ಡಿಕೆಗೆ ಟಿಕ್ ಹಾಕಿ. ಸಾಮಾನ್ಯ ಕಮಾಂಡ್ ಪ್ರಾಂಪ್ಟ್ ಬಿಟ್ಟು ‘ಡೆವಲಪರ್ ಕಮಾಂಡ್ ಪ್ರಾಂಪ್ಟ್’ ತೆರೆಯಿರಿ. ಹೆಡರ್‌ಗಳ ದಾರಿ ಹೇಳುವ ‘ಇನ್‌ಕ್ಲೂಡ್’ ವೇರಿಯಬಲ್ ಅಲ್ಲಿ ತಾನಾಗಿಯೇ ಸಿದ್ಧವಾಗಿರುತ್ತದೆ.

‘ಸಿಸ್/ಸಾಕೆಟ್ ಡಾಟ್ ಎಚ್’ ಇಲ್ಲ ಅಂದರೆ ಮಾತ್ರ ಸುಮ್ನೆ ಪ್ಯಾಕೇಜ್ ಹುಡುಕಬೇಡಿ. ಅದು ಲಿನಕ್ಸ್, ಯೂನಿಕ್ಸ್ ಕಡೆಯ ನೆಟ್‌ವರ್ಕ್ ಹೆಡರ್. ವಿಂಡೋಸ್‌ನಲ್ಲಿ ಆ ಕೆಲಸಕ್ಕೆ ‘ವಿನ್‌ಸಾಕ್2 ಡಾಟ್ ಎಚ್’ ಇದೆ, ಕೋಡನ್ನೇ ಬದಲಿಸಬೇಕು. ಅದಕ್ಕೆ ಮೊದಲು ಆ ಪ್ರಾಜೆಕ್ಟಿನ ರೀಡ್‌ಮೀ ಓದಿ, ವಿಂಡೋಸ್‌ನಲ್ಲಿ ಬಿಲ್ಡ್ ಮಾಡುವ ದಾರಿ ಎಷ್ಟೋ ಸಲ ಅಲ್ಲೇ ಬರೆದಿರುತ್ತದೆ.

ಸರಿಯಾದ ಝಡ್‌ಲಿಬ್ ಹಾಕಿದ ಮೇಲೆ ಹಳೆಯ ಬಿಲ್ಡ್ ಫೋಲ್ಡರ್ ಅಳಿಸಿ ಹೊಸದಾಗಿ ಶುರು ಮಾಡಿ. ಬಿಲ್ಡ್ ಸಿದ್ಧಪಡಿಸುವ ಸಿಮೇಕ್ ಬಳಸುತ್ತಿದ್ದರೆ, ಅದು ಮೊದಲ ಸಲ ಕಂಡ ಕಂಪೈಲರ್‌ನ ದಾರಿಯನ್ನೇ ಹಿಡಿದಿಟ್ಟುಕೊಂಡಿರುತ್ತದೆ. ಆಗಲೂ ನಿಂತರೆ ‘ವಿಚ್ ಜಿಸಿಸಿ’ (ಯಾವ ಜಿಸಿಸಿ ಓಡುತ್ತದೆ ಅಂತ ತೋರಿಸುವ ಕಮಾಂಡ್) ಕೊಟ್ಟಾಗ ಬರುವ ಸಾಲು ಮತ್ತು ಮೊಟ್ಟಮೊದಲ ಎರರ್, ಇವೆರಡನ್ನು ಇಲ್ಲಿ ಹಾಕಿ. ರಾತ್ರಿ ಕೂತು ನೋಡುತ್ತೇನೆ.