ಹೇಟ್ ಬೇರೆ, ಅಬ್‌ಹಾರ್ ಬೇರೆ

ಪ್ರಶ್ನೆ: ಇಂಗ್ಲಿಷಿನ ‘ಅಬ್‌ಹಾರ್’ ಪದಕ್ಕೆ ನಿಘಂಟಿನಲ್ಲಿ ‘ದ್ವೇಷಿಸು’ ಅಂತ ಇದೆ. ‘ಹೇಟ್’ಗೂ ಅದೇ ಅರ್ಥ ಅಲ್ವಾ? ‘ಐ ಆಮ್ ಅಬ್‌ಹಾರಿಂಗ್ ದಿಸ್ ನಾಯ್ಸ್’ ಅಂತ ಬರೆದರೆ ಸರಿಯೇ?

ಉತ್ತರ: ‘ದ್ವೇಷಿಸು’ ತಪ್ಪಲ್ಲ, ಆದರೆ ಪದದ ಜೀವ ಅದರಲ್ಲಿಲ್ಲ. ದ್ವೇಷ ಇದ್ದವನು ಮೇಲೆ ಬೀಳೋಕೆ ನೋಡ್ತಾನೆ. ಅಬ್‌ಹಾರ್‌ನಲ್ಲಿ ಮನುಷ್ಯ ಹಿಂದೆ ಸರೀತಾನೆ. ಇದು ಲ್ಯಾಟಿನ್‌ನಿಂದ ಬಂದ ಪದ. ‘ಅಬ್’ ಅಂದರೆ ದೂರ, ‘ಹೊರ್ರೇರೆ’ ಅಂದರೆ ಕೂದಲು ನಿಮಿರಿ ನಿಲ್ಲುವುದು, ನಡುಗುವುದು. ‘ಹಾರರ್’ ಕೂಡ ಅದೇ ಬೇರಿನದು. ಮೈ ಜುಮ್ಮೆಂದು, ಕೈ ತಾನಾಗಿ ಹಿಂದಕ್ಕೆ ಬರುತ್ತದಲ್ಲ, ಆ ಒಂದು ಕ್ಷಣವೇ ಈ ಪದ.

ಕನ್ನಡದಲ್ಲಿ ಇದಕ್ಕೆ ತೀರಾ ಹತ್ತಿರದ್ದು ‘ಹೇಸು’. ‘ಕೊಲೆಗೂ ಹೇಸದವನು’ ಅಂತೀವಿ. ಅಲ್ಲಿ ಕೊಳಕಿನ ಮಾತಿಲ್ಲ, ಅಂಥ ಕೆಲಸದ ಮುಂದೆ ಹಿಂಜರಿಯದ ಮನಸ್ಸಿನ ಮಾತಿದೆ. ಹಾಗಾಗಿ ‘ಷಿ ಅಬ್‌ಹಾರ್ಸ್ ವಯಲೆನ್ಸ್’ ಅನ್ನೋದನ್ನ ‘ಹಿಂಸೆ ಅಂದರೆ ಅವಳಿಗೆ ಹೇಸಿಗೆ’ ಅಂದರೆ ಎಷ್ಟು ಸರಿಯಾಗಿ ಕೂರುತ್ತೆ ನೋಡಿ. ನಿಘಂಟು ಈ ಪದವನ್ನೇ ಮೊದಲು ಕೊಡಬೇಕಿತ್ತು ಅಂತ ನನಗೆ ಅನಿಸುತ್ತೆ.

ಹಿಂಸೆ, ಕ್ರೌರ್ಯ, ಮೋಸ, ಇಂಥವಕ್ಕೇ ‘ಅಬ್‌ಹಾರ್’ ಜಾಸ್ತಿ ಬಳಕೆ. ಮನಸ್ಸಾಕ್ಷಿ ಒಪ್ಪದ ಸಂಗತಿಗಳಿವು. ಸುಮ್ನೆ ಕಿರಿಕಿರಿಯಾದ ಸದ್ದಿಗೆ ಇದು ಭಾರವಾಯಿತು, ‘ಹೇಟ್’ ಸಾಕು. ‘ನೇಚರ್ ಅಬ್‌ಹಾರ್ಸ್ ಎ ವ್ಯಾಕ್ಯೂಮ್’ ಅನ್ನೋ ಹಳೆಯ ಮಾತು ಕೇಳಿರಬಹುದು: ಪ್ರಕೃತಿಗೆ ಬರಿದು ಜಾಗ ಕಂಡರೆ ಆಗದು, ಕೂಡಲೇ ತುಂಬಿಬಿಡುತ್ತದೆ ಎಂಬ ನಂಬಿಕೆ. ಅದು ಗಾಳಿಯ ಒತ್ತಡದ ಕೆಲಸ ಅಂತ 17ನೇ ಶತಮಾನದಲ್ಲಿ ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ಪಾದರಸದ ಕೊಳವೆ ಇಟ್ಟುಕೊಂಡು ವಿವರಿಸಿದ. ಆದರೂ ಮಾತು ಉಳಿಯಿತು. ಒಬ್ಬರು ಬಿಟ್ಟ ಅಧಿಕಾರದ ಜಾಗವನ್ನು ಇನ್ನೊಬ್ಬರು ಥಟ್ಟನೆ ಹಿಡಿದಾಗಲೂ ಈಗ ಇದನ್ನೇ ಹೇಳುತ್ತಾರೆ.

ಇನ್ನು ನಿಮ್ಮ ವಾಕ್ಯ. ‘ಆಮ್ ಅಬ್‌ಹಾರಿಂಗ್’ ಅಂತ ಸಾಮಾನ್ಯವಾಗಿ ಬರೆಯುವುದಿಲ್ಲ, ಯಾಕಂದರೆ ಇದು ಈಗ ನಡೀತಿರೋ ಕೆಲಸ ಅಲ್ಲ, ಮನಸ್ಸಿನಲ್ಲಿ ನೆಲೆಸಿದ ಭಾವ. ‘ಐ ಅಬ್‌ಹಾರ್’ ಅಂದು ನೇರವಾಗಿ ಆ ವಸ್ತುವಿನ ಹೆಸರು ಹೇಳಿ, ನಡುವೆ ‘ಟು’, ‘ಫ್ರಮ್’ ಏನೂ ಬೇಡ. ‘ಅಬ್‌ಹಾರೆಂಟ್’ (ಹೇಸಿಗೆ ಹುಟ್ಟಿಸುವಂಥದ್ದು) ಅಂದಾಗ ಮಾತ್ರ ‘ಟು’ ಬರುತ್ತೆ: ‘ಕ್ರುಯೆಲ್ಟಿ ಈಸ್ ಅಬ್‌ಹಾರೆಂಟ್ ಟು ಮಿ.’ ಭೂತಕಾಲದ ‘ಅಬ್‌ಹಾರ್ಡ್’ ಬರೆಯುವಾಗ ‘ಆರ್’ ಅಕ್ಷರ ಎರಡು ಸಲ ಬರಬೇಕು. ಹೇಳುವಾಗ ಒತ್ತು ‘ಹಾರ್’ ಮೇಲೆ.