ಹೊಳೆ ನೀರು ಬೇಸಿಗೆಯಲ್ಲಿ ಹಸಿರು, ಮಳೆಗಾಲದಲ್ಲಿ ಕೆಂಪು. ಯಾಕೆ?

ಕಾವೇರಿ ನೀರಿನ ಬಣ್ಣ ಕಾಲಕ್ಕೆ ತಕ್ಕಂತೆ ಬದಲಾಗುವುದೇಕೆ ಎಂದು ಕೇಳಿದ್ದೀರಿ. ಕೆಂಪು ಬಣ್ಣ ಮಣ್ಣಿನದು. ಹಸಿರು ಮಾತ್ರ ಜೀವದ ಬಣ್ಣ. ನೀರಲ್ಲಿ ತೇಲುವ, ಒಂದೊಂದಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳದು. ಇವೇ ಫೈಟೋಪ್ಲಾಂಕ್ಟನ್.

ಜೂನ್ ನಂತರ ಕೊಡಗಿನಲ್ಲಿ ಮಳೆ ಹಿಡಿದರೆ ಹೊಸ ನೀರು ಬರುತ್ತದೆ. ಹೊಲ, ತೋಟದ ಗೊಬ್ಬರದ ಅಂಶವೂ ಜೊತೆಗೆ ಬರುತ್ತದೆ. ಹಾಗಿದ್ದರೆ ಪಾಚಿ ಜಾಸ್ತಿ ಆಗಬೇಕಲ್ವಾ? ಆಗುವುದಿಲ್ಲ. ಕೆಸರಿನಲ್ಲಿ ಬೆಳಕು ಒಳಗಿಳಿಯುವುದಿಲ್ಲ. ಇದ್ದಬದ್ದ ಪಾಚಿಯನ್ನು ಸೆಳೆತ ಕೊಚ್ಚಿಕೊಂಡು ಹೋಗುತ್ತದೆ. ಊಟ ಬಡಿಸಿದೆ, ಕೂತು ಉಣ್ಣಲು ಬಿಡುವಿಲ್ಲ ಅನ್ನುವ ಹಾಗೆ.

ಮಳೆ ಕಳೆದು ನೀರು ತಿಳಿಯಾದಾಗ ಸಾಮಾನ್ಯವಾಗಿ ಡಯಾಟಮ್ ಎಂಬ ಸಣ್ಣ ಪಾಚಿಗಳ ಸರದಿ. ಇವುಗಳ ಕವಚ ಸಿಲಿಕಾದ್ದು, ಅಂದರೆ ಗಾಜಿನಂಥದ್ದು. ಕಲ್ಲು ಸವೆದು ನೀರಿಗೆ ಸೇರಿದ ಸಿಲಿಕಾವೇ ಅದಕ್ಕೆ ಮೂಲ. ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡಿ, ಅಷ್ಟು ಚೆಂದ!

ಬೇಸಿಗೆಯಲ್ಲಿ ಹರಿವು ಇಳಿಯುತ್ತದೆ. ಕಟ್ಟೆಗಳ ಹಿಂದೆ ನೀರು ನಿಂತು ಬಿಸಿಯಾಗುತ್ತದೆ. ಚರಂಡಿ ನೀರು ಬೆರೆತು ಫಾಸ್ಫರಸ್ ಏರುತ್ತದೆ. ನೀಲಿ-ಹಸಿರು ಪಾಚಿಗೆ ಬೇಕಾದ್ದು ಇದೇ. ಇದು ನಿಜಕ್ಕೂ ಬ್ಯಾಕ್ಟೀರಿಯಾ. ಇದರಲ್ಲಿ ಕೆಲವು ಒಳಗೆ ಗಾಳಿಗುಳ್ಳೆ ಇಟ್ಟುಕೊಂಡು ಮೇಲೆ ತೇಲಿ, ಬೆಳಕನ್ನೆಲ್ಲ ತಾವೇ ಬಾಚಿಕೊಳ್ಳುತ್ತವೆ. ಪಾಚಿ ದಟ್ಟವಾದರೆ ರಾತ್ರಿ ಉಸಿರಾಟಕ್ಕೆ ನೀರಿನ ಆಮ್ಲಜನಕ ಖರ್ಚಾಗುತ್ತದೆ. ಬೆಳಗಿನ ಜಾವ ಮೀನು ಸಾಯುವುದು ಎಷ್ಟೋ ಸಲ ಇದರಿಂದಲೇ. ಮೈಕ್ರೋಸಿಸ್ಟಿಸ್‌ನಂಥ ನೀಲಿ-ಹಸಿರು ಪಾಚಿಗಳು ಯಕೃತ್ತಿಗೆ, ಅಂದರೆ ಲಿವರ್‌ಗೆ, ಹಾನಿ ಮಾಡುವ ವಿಷವನ್ನೂ ಬಿಡಬಲ್ಲವು. ಹಸಿರು ಪೇಂಟ್ ಚೆಲ್ಲಿದಂತೆ ಕಾಣುವ ನೀರನ್ನು ದಯವಿಟ್ಟು ದನಗಳಿಗೂ ಕುಡಿಸಬೇಡಿ.