ಪಿಆರ್8 ವೈರಸ್ ಎಂಡಿಸಿಕೆ ಸೆಲ್‌ಗಳ ಒಳಗೆ ಹೋಗುತ್ತಿಲ್ಲ, ರಿಸೆಪ್ಟರ್ ಸಮಸ್ಯೆಯೇ?

ಎಚ್‌ಎ ಟೈಟರ್ (ವೈರಸ್ ರಕ್ತಕಣಗಳಿಗೆ ಅಂಟುವುದರ ಅಳತೆ) 64, ಪ್ಲಾಕ್ (ವೈರಸ್ ಹರಡಿ ಸೆಲ್ ಸತ್ತ ಚುಕ್ಕೆ) ಸೊನ್ನೆ, ಅದೂ ಪಿಆರ್8 ಎಂಬ ಲ್ಯಾಬ್ ಇನ್‌ಫ್ಲುಯೆಂಜಾ ತಳಿಯನ್ನು ನಾಯಿ ಮೂತ್ರಪಿಂಡದ ಎಂಡಿಸಿಕೆ ಸೆಲ್ ಮೇಲೆ ಹಾಕಿದಾಗ. ನನ್ನ ಹಳೇ ಲ್ಯಾಬ್ ನೋಟ್‌ಬುಕ್ಕಿನ ಪುಟವನ್ನೇ ನೀವು ಇಲ್ಲಿ ಬರೆದ ಹಾಗಿದೆ. ಸೆಲ್ ಮೇಲೆ ವೈರಸ್‌ಗೆ ರಿಸೆಪ್ಟರ್ ಆಗುವ ಸಿಯಾಲಿಕ್ ಆಮ್ಲ (ಒಂದು ಬಗೆಯ ಸಕ್ಕರೆ) ಸಾಲದು, ಅದಕ್ಕೇ ವೈರಸ್ ಒಳಗೆ ಹೋಗುತ್ತಿಲ್ಲ ಅನ್ನುವುದು ನಿಮ್ಮ ಅನುಮಾನ. ಆ ಆಮ್ಲ ನೋಡಲು ಲೆಕ್ಟಿನ್ ಸ್ಟೇನ್ ಮಾಡಲೇ, ಅದನ್ನು ಹೆಚ್ಚಿಸಿರುವ ಎಂಡಿಸಿಕೆ-ಸಿಯಾಟ್1 ಸೆಲ್ ತರಿಸಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ನಾನು ಎರಡನ್ನೂ ಮಾಡಿ ಮೂರು ತಿಂಗಳು ಕಳೆದವನು. ತಪ್ಪು ಇದ್ದದ್ದು ಮೀಡಿಯಂ ಬಾಟಲಿಯಲ್ಲಿ: ಓವರ್‌ಲೇಗೆ (ಸೆಲ್ ಮೇಲೆ ಹೊದಿಸುವ ಪದರ) ಪ್ರೋಟೀನ್ ಕತ್ತರಿಸುವ ಕಿಣ್ವ ಟ್ರಿಪ್ಸಿನ್ ಹಾಕಿದ್ದೆ, ಸೆಲ್ ಸೊರಗಬಾರದೆಂದು ಜೊತೆಗೆ ಶೇ 2 ಸೀರಂ ಕೂಡ ಹಾಕಿದ್ದೆ. ನೀವೂ ಅದನ್ನೇ ಮಾಡಿದ್ದೀರಿ.

ಮೊದಲನೆಯದಾಗಿ, ವೈರಸ್ ಒಳಗೆ ಹೋಗುತ್ತಿದೆ. ಮೊಟ್ಟೆಯಲ್ಲಿ ಬೆಳೆಸಿದ ಸೀಡ್ (ಮೂಲ ವೈರಸ್) ಹಾಕಿ 8 ಗಂಟೆಗೆ ಎನ್‌ಪಿ (ವೈರಸ್‌ನ ಒಂದು ಪ್ರೋಟೀನ್) ಸ್ಟೇನ್ ಮಾಡಿದಾಗ ಅಲ್ಲೊಂದು ಇಲ್ಲೊಂದು ಸೆಲ್ ಹೊಳೆಯಿತು, 48 ಗಂಟೆಗೂ ಅಷ್ಟೇ ಇತ್ತು ಎಂದು ನೀವೇ ಬರೆದಿದ್ದೀರಿ. ಹೊಳೆಯುವುದು ನ್ಯೂಕ್ಲಿಯಸ್ ಆದರೆ ವೈರಸ್‌ನ ಆರ್‌ಎನ್‌ಎ ಅಲ್ಲಿಯವರೆಗೂ ಹೋಗಿ ಕೆಲಸ ಶುರು ಮಾಡಿದೆ ಎಂದರ್ಥ. ಸೀಡ್ ವೈರಸ್‌ಗೆ ತೆರೆದ ಬಾಗಿಲು ಅದರ ಮರಿಗಳಿಗೆ ಏಕೆ ತೆರೆಯಲಿಲ್ಲ ಅನ್ನುವುದೇ ಕೇಳಬೇಕಾದ ಪ್ರಶ್ನೆ.

ವೈರಸ್ ಮೈಮೇಲಿನ ಹೀಮಗ್ಲುಟಿನಿನ್ (ಎಚ್‌ಎ) ಮೂರು ಎಳೆ ಸೇರಿದ ಮೊಳೆ. ಅದರ ತಲೆ ಸಿಯಾಲಿಕ್ ಆಮ್ಲ ಹಿಡಿಯುತ್ತದೆ. ಒಂದೊಂದು ಹಿಡಿತವೂ ತೀರಾ ಸಡಿಲ, ಹಲವು ತಲೆಗಳು ಒಟ್ಟಿಗೆ ಹಿಡಿದಾಗ ಮಾತ್ರ ವೈರಸ್ ನಿಲ್ಲುತ್ತದೆ. ಆಮೇಲೆ ಸೆಲ್ ತಾನಾಗಿಯೇ ಅದನ್ನು ಎಂಡೋಸೋಮ್ ಚೀಲದೊಳಗೆ ನುಂಗುತ್ತದೆ. ಇದಿಷ್ಟಕ್ಕೂ ಟ್ರಿಪ್ಸಿನ್ ಬೇಕಾಗಿಲ್ಲ. ಚೀಲ ಒಳಗೆ ಸಾಗಿದಂತೆ ಹುಳಿಯಾಗುತ್ತದೆ. ಪಿಎಚ್ 5ರ ಆಸುಪಾಸಿಗೆ ಬಂದಾಗ ಹೀಮಗ್ಲುಟಿನಿನ್ ರೂಪ ಬದಲಿಸಿ, ಬುಡದಲ್ಲಿ ಅಡಗಿಸಿಟ್ಟ ಫ್ಯೂಷನ್ ಪೆಪ್ಟೈಡನ್ನು (ಪೊರೆಗೆ ಚುಚ್ಚುವ ಪ್ರೋಟೀನ್ ತುದಿ) ಸುಮಾರು 100 ಆಂಗ್‌ಸ್ಟ್ರಾಮ್ ದೂರ ಎಸೆದು ಚೀಲದ ಪೊರೆಗೆ ಚುಚ್ಚುತ್ತದೆ. ನಂತರ ತಾನೇ ಮಡಚಿಕೊಂಡು ಎರಡೂ ಪೊರೆಗಳನ್ನು ಎಳೆದು ಕೂಡಿಸುತ್ತದೆ. ಅಷ್ಟರಲ್ಲಿ ಎಂ2 ಚಾನೆಲ್ ವೈರಸ್ ಒಳಕ್ಕೂ ಹುಳಿ ಬಿಟ್ಟು, ಆರ್‌ಎನ್‌ಎಯ ಎಂಟು ತುಂಡುಗಳನ್ನು ಎಂ1 ಕವಚದಿಂದ ಬಿಡಿಸಿರುತ್ತದೆ.

ಆ ಪೆಪ್ಟೈಡ್ ಎಲ್ಲಿಂದ ಬರುತ್ತದೆ ಅನ್ನುವುದರಲ್ಲೇ ನಿಮ್ಮ ಉತ್ತರ ಇದೆ. ಹೀಮಗ್ಲುಟಿನಿನ್ ತಯಾರಾಗುವುದು ಎಚ್‌ಎ0 ಎಂಬ ಒಂದೇ ಉದ್ದ ಸರಪಳಿಯಾಗಿ. ಪಿಆರ್8ನಂಥ ತಳಿಯಲ್ಲಿ ಅದನ್ನು ಒಂದೇ ಒಂದು ಆರ್ಜಿನಿನ್ ಬಳಿ ಟ್ರಿಪ್ಸಿನ್ ಜಾತಿಯ ಕಿಣ್ವ ಕತ್ತರಿಸಿ ಎಚ್‌ಎ1, ಎಚ್‌ಎ2 ಮಾಡಬೇಕು. ಎಚ್‌ಎ2ರ ಹೊಸ ತುದಿಯೇ ಫ್ಯೂಷನ್ ಪೆಪ್ಟೈಡ್. ಕತ್ತರಿಸದಿದ್ದರೆ ವೈರಸ್ ಅಂಟುತ್ತದೆ, ನುಂಗಿಸಿಕೊಳ್ಳುತ್ತದೆ, ಹುಳಿಯೂ ತಾಗುತ್ತದೆ, ಆದರೆ ಏನೂ ಆಗುವುದಿಲ್ಲ. ಬತ್ತಿಯೇ ಇಲ್ಲದ ಪಟಾಕಿಗೆ ಬೆಂಕಿ ಹಿಡಿದ ಹಾಗೆ. ಮನುಷ್ಯರ ಶ್ವಾಸನಾಳದಲ್ಲಿ ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವ ಈ ಕತ್ತರಿ ಹಾಕುತ್ತದೆ. ಕೋಳಿಮೊಟ್ಟೆಯ ಅಲ್ಲಂಟಾಯಿಕ್ ದ್ರವದಲ್ಲೂ ತಕ್ಕ ಕಿಣ್ವವಿದೆ, ಆದ್ದರಿಂದ ನಿಮ್ಮ ಸೀಡ್ ಕತ್ತರಿಸಿಕೊಂಡೇ ಬಂದಿತ್ತು. ಎಂಡಿಸಿಕೆಯಲ್ಲಿ ಆ ಕೆಲಸ ಹೆಚ್ಚುಕಡಿಮೆ ನಡೆಯುವುದೇ ಇಲ್ಲ. ಟ್ರಿಪ್ಸಿನ್ ಕತ್ತರಿಸಿದರೆ ವೈರಸ್‌ಗೆ ಸೋಂಕುವ ಶಕ್ತಿ ಬರುತ್ತದೆ ಎಂದು ಕ್ಲೆಂಕ್ ತಂಡವೂ, ಲಾಜರೋವಿಟ್ಸ್ ಮತ್ತು ಚಾಪಿನ್ ಜೋಡಿಯೂ 1975ರಲ್ಲೇ ತೋರಿಸಿಕೊಟ್ಟಿದ್ದಾರೆ.

ಈಗ ಸೀರಂ ಲೆಕ್ಕಕ್ಕೆ ಬನ್ನಿ. ಫ್ಲಾಸ್ಕ್‌ನಿಂದ ಸೆಲ್ ಎಬ್ಬಿಸಲು ಶೇ 0.25 ಟ್ರಿಪ್ಸಿನ್ ಹಾಕುತ್ತೀರಿ, ಅಂದರೆ ಮಿಲಿಲೀಟರಿಗೆ 2,500 ಮೈಕ್ರೊಗ್ರಾಂ. ಅದನ್ನು ನಿಲ್ಲಿಸಲು ಏನು ಸುರಿಯುತ್ತೀರಿ? ಶೇ 10 ಸೀರಂ ಇರುವ ಮೀಡಿಯಂ. ಓವರ್‌ಲೇಯಲ್ಲಿರುವ ಟ್ರಿಪ್ಸಿನ್ ಮಿಲಿಲೀಟರಿಗೆ ಬರೀ 1 ಮೈಕ್ರೊಗ್ರಾಂ. ಅದರ ಕಥೆ ಮುಗಿಸಲು ಶೇ 2 ಸೀರಂ ಧಾರಾಳವಾಗಿ ಸಾಕು. ವಾರಕ್ಕೆ ಎರಡು ಸಲ ಸೀರಂ ಸುರಿದು ಟ್ರಿಪ್ಸಿನ್ ಕೊಲ್ಲುತ್ತಿದ್ದ ಅದೇ ಕೈ ಓವರ್‌ಲೇಗೂ ಸೀರಂ ಹಾಕುತ್ತಿತ್ತು, ತಲೆಗೆ ಮಾತ್ರ ಹೋಗಲಿಲ್ಲ! ಸಾಲದ್ದಕ್ಕೆ ಸೀರಂ ಪ್ರೋಟೀನುಗಳ ಮೇಲೂ ಸಿಯಾಲಿಕ್ ಆಮ್ಲ ಇದೆ. ವೈರಸ್ ಸೆಲ್ ಬಿಟ್ಟು ಅವಕ್ಕೇ ಅಂಟುತ್ತದೆ.

ಎಚ್‌ಎ ಟೈಟರ್ 64 ಬಂದಿದೆಯಲ್ಲ ಅನ್ನಬೇಡಿ. ಆ ಪರೀಕ್ಷೆ ಅಂಟುವುದನ್ನಷ್ಟೇ ಅಳೆಯುತ್ತದೆ. ಯು ತಳದ ಪ್ಲೇಟಿನಲ್ಲಿ ಶೇ 0.5 ಕೋಳಿ ಕೆಂಪುರಕ್ತಕಣ ಹಾಕಿ ಅರ್ಧ ಗಂಟೆ ಬಿಟ್ಟಾಗ, ವೈರಸ್ ಇಲ್ಲದ ಕಡೆ ಕಣಗಳು ತಳದಲ್ಲಿ ಕೆಂಪು ಗುಂಡಿಯಾಗುತ್ತವೆ, ಓರೆ ಮಾಡಿದರೆ ಕಣ್ಣೀರಿನ ಹನಿಯಂತೆ ಇಳಿಯುತ್ತವೆ. ವೈರಸ್ ಇದ್ದ ಕಡೆ ತೆಳ್ಳಗೆ ಬಲೆ ಹರಡಿದ ಹಾಗಿರುತ್ತದೆ. ಎಚ್‌ಎ0 ಕೂಡ ಆ ಬಲೆ ನೇಯುತ್ತದೆ, ಫಾರ್ಮಲಿನ್‌ನಲ್ಲಿ ಕೊಂದ ವೈರಸ್ಸೂ ನೇಯುತ್ತದೆ.

ಖಾತ್ರಿ ಮಾಡಿಕೊಳ್ಳಬೇಕೇ? ಸೀರಂ, ಟ್ರಿಪ್ಸಿನ್ ಎರಡೂ ಇಲ್ಲದ, ಶೇ 0.3 ಬಿಎಸ್‌ಎ (ಶುದ್ಧ ಆಲ್ಬುಮಿನ್ ಪ್ರೋಟೀನ್) ಇರುವ ಮೀಡಿಯಂನಲ್ಲಿ ಎಂಒಐ 2ಕ್ಕೆ (ಸೆಲ್ಲಿಗೆ ಎರಡು ವೈರಸ್ ಲೆಕ್ಕ) ಸೋಂಕು ಹಾಕಿ, 24 ಗಂಟೆಗೆ ಸೂಪರ್‌ನೇಟಂಟ್ (ಸೆಲ್ ಮೇಲಿನ ದ್ರವ) ತೆಗೆದು ಎರಡು ಪಾಲು ಮಾಡಿ. ಒಂದಕ್ಕೆ ಮಿಲಿಲೀಟರಿಗೆ 5 ಮೈಕ್ರೊಗ್ರಾಂ ಟಿಪಿಸಿಕೆ-ಟ್ರಿಪ್ಸಿನ್ (ಬೇರೆ ಕಿಣ್ವದ ಬೆರಕೆ ಅಡಗಿಸಿದ ಟ್ರಿಪ್ಸಿನ್) ಹಾಕಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ, ಸೋಯಾ ಟ್ರಿಪ್ಸಿನ್ ಇನ್ಹಿಬಿಟರ್‌ನಿಂದ ನಿಲ್ಲಿಸಿ. ಇನ್ಹಿಬಿಟರನ್ನು ಇನ್ನೊಂದು ಪಾಲಿಗೂ ಹಾಕಿ. ಎರಡರ ಎಚ್‌ಎ ಟೈಟರೂ ಒಂದೇ ಬರುತ್ತದೆ. ಹೊಸ ಸೆಲ್ ಮೇಲೆ ಹಾಕಿ ಎನ್‌ಪಿ ಎಣಿಸಿದಾಗ ಮಾತ್ರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಪ್ರವೇಶವನ್ನೇ ತಡೆದ ಕಂಟ್ರೋಲ್ ಬೇಕಾದರೆ 100 ನ್ಯಾನೊಮೋಲಾರ್ ಬಾಫಿಲೊಮೈಸಿನ್ ಬಳಸಿ. ಚೀಲ ಹುಳಿಯಾಗಲು ಬಿಡುವುದಿಲ್ಲ. ಎಂ2 ಚಾನೆಲ್ ಮುಚ್ಚುವ ಅಮಂಟಡಿನ್ ಬಳಸಬೇಡಿ, ಪಿಆರ್8ನ ಎಂ2 ಅದಕ್ಕೆ ಬಗ್ಗುವುದಿಲ್ಲ.

ಪ್ಲಾಕ್‌ಗೆ ಹೀಗೆ ಮಾಡಿ. 6 ಗುಳಿಯ ಪ್ಲೇಟಿನಲ್ಲಿ ಸೆಲ್ ಸಂದಿಲ್ಲದೆ ತುಂಬಿರಲಿ. ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್) ಮೂರು ಸಲ ತೊಳೆಯಿರಿ. ಒಂದು ಸಲ ತೊಳೆದರೆ ಸೀರಂ ಉಳಿದೇ ಉಳಿಯುತ್ತದೆ. ಹತ್ತುಪಟ್ಟು ಡೈಲ್ಯೂಷನ್‌ಗಳನ್ನು ಬಿಎಸ್‌ಎ ಮೀಡಿಯಂನಲ್ಲೇ ಮಾಡಿ, ಗುಳಿಗೆ 400 ಮೈಕ್ರೊಲೀಟರ್ ಹಾಕಿ ಒಂದು ಗಂಟೆ ಬಿಡಿ. ಹತ್ತು ನಿಮಿಷಕ್ಕೊಮ್ಮೆ ಪ್ಲೇಟ್ ಅಲ್ಲಾಡಿಸದಿದ್ದರೆ ನಡುಭಾಗ ಒಣಗಿ ಸೆಲ್ ಸಾಯುತ್ತವೆ, ಅದನ್ನೇ ಪ್ಲಾಕ್ ಎಂದು ಎಣಿಸುತ್ತೀರಿ. ಓವರ್‌ಲೇಗೆ ಶೇ 1.6 ಅಗರೋಸ್ ಮತ್ತು ಎರಡು ಪಟ್ಟಿನ ಮೀಡಿಯಂ ಸಮಸಮ. ಸಾದಾ ಅಗರ್ ಬೇಡ, ಅದರ ಸಲ್ಫೇಟ್ ಸಕ್ಕರೆಗಳು ಪ್ಲಾಕ್ ಕುಗ್ಗಿಸುತ್ತವೆ. ಮಿಶ್ರಣ 42 ಡಿಗ್ರಿಗೆ ಆರಿದ ಮೇಲೆ ಕೊನೆಯಲ್ಲಿ ಟ್ರಿಪ್ಸಿನ್ ಸೇರಿಸಿ. 1 ಮೈಕ್ರೊಗ್ರಾಂ ಅನ್ನುವುದು ಒಟ್ಟು ಮಿಶ್ರಣದ ಲೆಕ್ಕ. ಬರೀ ಮೀಡಿಯಂ ಪಾಲಿಗೆ ಲೆಕ್ಕ ಹಾಕಿದರೆ ಅರ್ಧಕ್ಕೆ ಇಳಿಯುತ್ತದೆ. 48ರಿಂದ 72 ಗಂಟೆ ಬಿಟ್ಟು ಫಿಕ್ಸ್ ಮಾಡಿ, ಕ್ರಿಸ್ಟಲ್ ವಯೊಲೆಟ್ ಹಾಕಿ.

ಸಿಯಾಟ್1 ಕೆಟ್ಟ ಸೆಲ್ ಅಲ್ಲ. ಈಚಿನ ಎಚ್3ಎನ್2 ರೋಗಿ ಮಾದರಿಗಳಿಗೆ ಅದು ಬೇಕೇ ಬೇಕು. ಅದರಲ್ಲಿ ಹೆಚ್ಚಿಸಿರುವುದು 2,6 ಕೊಂಡಿಯ ಸಿಯಾಲಿಕ್ ಆಮ್ಲವನ್ನು. ಮೊಟ್ಟೆಯಲ್ಲಿ ಪಳಗಿದ ಪಿಆರ್8ಗೆ 2,3 ಕೊಂಡಿ ಸಲೀಸು, ಅದು ನಿಮ್ಮ ಸಾದಾ ಎಂಡಿಸಿಕೆಯಲ್ಲೇ ಇದೆ.

ಇಷ್ಟಾದ ಮೇಲೂ ಪ್ಲಾಕ್ ಸೂಜಿಮೊನೆಯಷ್ಟೇ ಬಂದರೆ ಟ್ರಿಪ್ಸಿನ್ ಸತ್ತಿದೆ. ಸಣ್ಣ ಪಾಲು ಮಾಡಿ ಫ್ರೀಜರಿನಲ್ಲಿಡಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಒಳಗಿಡಬೇಡಿ. ಸೋಂಕು ಹಾಕದ ಗುಳಿಯಲ್ಲೂ ಸೆಲ್ ಎದ್ದು ಬಂದರೆ ಟ್ರಿಪ್ಸಿನ್ ಜಾಸ್ತಿಯಾಗಿದೆ. ಹೊಸ ಲಾಟ್ ಬಂದಾಗಲೆಲ್ಲ 0.5, 1, 2 ಮೈಕ್ರೊಗ್ರಾಂ ಮೂರನ್ನೂ ವೈರಸ್ ಇಲ್ಲದ ಸೆಲ್ ಮೇಲೆ ಹಾಕಿ ನೋಡಿಕೊಳ್ಳಿ.